ಹುಟ್ಟಿದ ಕೂಸು ಅಳದಿದ್ದರೆ ಅದು ‘ಉಸಿರುಗಟ್ಟುವಿಕೆ’ಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಬಾಣಂತಿಯರಿಗಾಗಿ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ‘ಬರ್ತ್ ಅಸ್‌ಫಿಕ್ಸಿಯಾ’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಸಾಮಾನ್ಯವಾಗಿ ಇದಕ್ಕೆ ‘ಉಸಿರುಗಟ್ಟುವಿಕೆ’ ಎಂದು ಬರೆಯುತ್ತಾರೆ. ಆದರೆ ಉಸಿರು ಕಟ್ಟುವುದೆಂದರೆ ನಮ್ಮ ಕಿವಿಗೆ ಬಾವಿಗೆ ಬಿದ್ದವರದು, ಹೊಗೆಯಲ್ಲಿ ಸಿಕ್ಕವರದು, ಕೊರಳು ಹಿಸುಕಿದ್ದು. ಓದುವ ತಾಯಿಗೆ ತಾನೇ ಏನೋ ತಪ್ಪು ಮಾಡಿದೆ ಅನ್ನಿಸೀತು. ನಿಜವಾಗಿ ಆಗುವುದು ಬೇರೆ. ಮಾಸು ಮೊದಲೇ ಬಿಟ್ಟುಕೊಂಡೋ, ಹೊಕ್ಕುಳಬಳ್ಳಿ ಒತ್ತಿಹೋಗಿಯೋ ಕೂಸಿನ ರಕ್ತಕ್ಕೆ ಆಮ್ಲಜನಕ ಸಾಲದಾಗುತ್ತದೆ. ತಮಾಷೆಯೆಂದರೆ ಮೂಲದ ಗ್ರೀಕ್ ಪದದಲ್ಲಿ ಉಸಿರಿನ ಸುದ್ದಿಯೇ ಇಲ್ಲ. ‘ಸ್ಫಿಕ್ಸಿಸ್’ ಎಂದರೆ ನಾಡಿ, ಹಿಂದಿನ ‘ಅ’ ನಮ್ಮ ಅಭಾವದ ಅಕಾರದಂಥದೇ. ಅಂದರೆ ‘ನಾಡಿಯಿಲ್ಲದ್ದು’!

ಮನೆಮಂದಿ ಹೇಳುವುದು ‘ಹುಟ್ಟಿದ ಕೂಡಲೇ ಅಳಲಿಲ್ಲ’ ಎಂದು. ನನಗೆ ಇದೇ ಹಿಡಿಸಿದೆ, ಆದರೆ ಒಂದು ತೊಡಕು. ಒರೆಸಿ ಬೆನ್ನು ಉಜ್ಜಿದಾಗಲೋ, ಮುಖಕ್ಕೆ ಮಾಸ್ಕ್ ಇಟ್ಟು ಗಾಳಿ ಒತ್ತಿದಾಗಲೋ ಅತ್ತು, ಆರಾಮಾಗಿ ಮನೆಗೆ ಹೋಗುವ ಕೂಸುಗಳೇ ಹೆಚ್ಚು. ಕೆಲವಕ್ಕೆ ಮಾತ್ರ ಮಿದುಳಿಗೆ ಪೆಟ್ಟಾಗುತ್ತದೆ. ಅಂಥವನ್ನು 6 ಗಂಟೆಯೊಳಗೆ ಶುರುಮಾಡಿ 72 ಗಂಟೆ ಮೈಬಿಸಿಯನ್ನು 33-34 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ತಣ್ಣಗಿಡುವ ಚಿಕಿತ್ಸೆಯೂ ಇದೆ. ಎರಡಕ್ಕೂ ಒಂದೇ ಮಾತು ಸಾಕೇ?

ಇನ್ನು ‘ಉಸಿರಾಟದ ತೊಂದರೆ’. ಪತ್ರಿಕೆಗಳು ಎಲ್ಲವನ್ನೂ ಈ ಒಂದೇ ಚೀಲಕ್ಕೆ ತುಂಬುತ್ತವೆ. ದಿನ ತುಂಬದ ಕೂಸಿನ ಪುಪ್ಪುಸದಲ್ಲಿ ಸರ್ಫ್ಯಾಕ್ಟಂಟ್ (ಗಾಳಿಗೂಡುಗಳನ್ನು ತೆರೆದಿಡುವ ಒಳಗಿನ ಪಸೆ) ಸಾಲದೆ ಗಾಳಿಗೂಡುಗಳು ಮುದುಡಿಕೊಳ್ಳುತ್ತವೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಎರಡು ದಿನ ತುಂಬುವ ಮೊದಲೇ ತೀರಿಕೊಂಡದ್ದು ಇದರಿಂದಲೇ. ಇನ್ನೊಂದು, ಹೆರಿಗೆನೋವು ಬರುವ ಮೊದಲೇ ಸಿಸೇರಿಯನ್ ಆದ ಕೂಸುಗಳಲ್ಲಿ ಹೆಚ್ಚು: ಪುಪ್ಪುಸದ ನೀರು ಬೇಗ ಇಂಗದೆ ನಿಮಿಷಕ್ಕೆ 60ಕ್ಕೂ ಮೀರಿ ಉಸಿರಾಡುತ್ತವೆ, ಸಾಮಾನ್ಯವಾಗಿ ಮೂರು ದಿನದೊಳಗೆ ಸರಿಹೋಗುತ್ತವೆ. ಇದಕ್ಕೆ ‘ಮೂರು ದಿನದ ಏದುಸಿರು’ ಎಂದರೆ ಹೇಗೆ? ಓಡಿ ಬಂದವನ ಏದುಸಿರಿನಂತೆ ತಣಿಯುವಂಥದು ಎಂಬ ಧೈರ್ಯವೂ ಪದದಲ್ಲೇ ಇರುತ್ತದೆ. ಸರ್ಫ್ಯಾಕ್ಟಂಟನ್ನು ಮಾತ್ರ ಹಾಗೇ ಬಿಡುತ್ತೇನೆ. ಅದಕ್ಕೆ ಸಂಸ್ಕೃತದ ಉದ್ದ ಸಮಾಸ ಕಟ್ಟಿದರೆ ಓದುವವರಿಗೇ ಏದುಸಿರು ಬಂದೀತು.

ಕೊನೆಯದು ‘ಮೆಕೋನಿಯಂ’, ಅಂದರೆ ಕೂಸಿನ ಮೊಟ್ಟಮೊದಲ ಮಲ. ‘ಹೊಟ್ಟೆಯೊಳಗೇ ಕಕ್ಕ ಮಾಡಿ ಕುಡಿದುಬಿಟ್ಟಿದೆ’ ಎನ್ನುತ್ತಾರೆ. ತೊಂದರೆ ಇರುವುದು ‘ಕುಡಿ’ಯಲ್ಲಿ. ಕುಡಿದದ್ದು ಹೊಟ್ಟೆಗೆ ಹೋಗುತ್ತದೆ. ಇಲ್ಲಿ ಅಪಾಯವಿರುವುದು ಪುಪ್ಪುಸಕ್ಕೆ ಹೋದರೆ. ‘ಉಸಿರಿನೊಡನೆ ಒಳಗೆಳೆದುಕೊಂಡಿದೆ’ ಸರಿ, ಆದರೆ ಉದ್ದ. ಮೆಕೋನಿಯಂಗೆ ಮೂಲ ಗ್ರೀಕಿನಲ್ಲಿ ಗಸಗಸೆ ಗಿಡದ ಹೆಸರು, ಅಫೀಮಿನಂತೆ ಕಪ್ಪಗೆ ಅಂಟಂಟು ಎಂದು. ನಾನು ‘ಮೊದಲ ಕಪ್ಪು ಮಲ’ ಎಂದು ಬರೆದಿಟ್ಟಿದ್ದೇನೆ. ನಿಮ್ಮ ಕಡೆ ಸೂಲಗಿತ್ತಿಯರ ಬಾಯಲ್ಲಿ ಇದಕ್ಕೆ ಬೇರೆ ಹೆಸರಿದೆಯೇ? ಹಾಗೆಯೇ, ಉಸಿರು ಬಿಡುವಾಗ ಕೂಸು ‘ಹ್ಞೂಂ, ಹ್ಞೂಂ’ ಎನ್ನುವುದಕ್ಕೆ ‘ಮುಲುಕು’ ಹೊಂದುತ್ತದೋ, ‘ನರಳು’ ಹೊಂದುತ್ತದೋ? ನರಳುವುದರಲ್ಲಿ ನೋವಿನ ಛಾಯೆ ಇದೆ. ಕೂಸು ಹಾಗೆ ಮಾಡುವುದು ಗಂಟಲು ಬಿಗಿಹಿಡಿದು ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ತಡೆಯಲು. ಹಾಗಾಗಿ ನನ್ನ ಒಲವು ‘ಮುಲುಕು’ವಿನ ಕಡೆ.