ಅಪ್‌ಡೇಟ್: ಐದು ಅನುಚಿಂತನೆಗಳೊಂದಿಗೆ ಎರಡು ತಿಂಗಳು

ಉಸಿರನ್ನು ಗಮನಿಸುವ ಆನಾಪಾನಕ್ಕೂ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟು ಆಲೋಚಿಸುವ ಅನುಚಿಂತನೆಗೂ ಏನು ವ್ಯತ್ಯಾಸ, ಹೊಸಬರು ಎರಡನೆಯದನ್ನು ಎಲ್ಲಿಂದ ಆರಂಭಿಸಬೇಕು ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಬರುವ ಐದು ವಿಷಯಗಳಿಂದ ಆರಂಭಿಸುವಂತೆ ಹಿರಿಯರೊಬ್ಬರು ಸೂಚಿಸಿದ್ದರು. ಮುಪ್ಪು, ರೋಗ, ಸಾವು ನನಗೂ ತಪ್ಪಿದ್ದಲ್ಲ, ಪ್ರಿಯವಾದುದೆಲ್ಲದರಿಂದ ಅಗಲಲೇಬೇಕು, ನನ್ನ ಕರ್ಮಕ್ಕೆ ನಾನೇ ವಾರಸುದಾರಳು. ಇವನ್ನು ಸ್ತ್ರೀಯರೂ ಪುರುಷರೂ, ಗೃಹಸ್ಥರೂ ಮನೆ ತೊರೆದ ಪ್ರವ್ರಜಿತರೂ ಮತ್ತೆ ಮತ್ತೆ ನೆನೆಯಬೇಕೆಂದು ಬುದ್ಧ ಹೇಳಿರುವುದನ್ನು ಓದಿದಾಗ ನನ್ನಂಥ ಸಂಸಾರಸ್ಥೆಗೂ ಧೈರ್ಯ ಬಂದಿತು.

ಮೊದಲ ವಾರ ಐದನ್ನೂ ಬಾಯಿಪಾಠದಂತೆ ಒಪ್ಪಿಸಿದ್ದರಿಂದ ಯಾವುದೂ ಮನಸ್ಸಿಗೆ ಇಳಿಯಲಿಲ್ಲ. ಈಗ ಬೆಳಿಗ್ಗೆ ಐದು ನಿಮಿಷ ಉಸಿರಿನಲ್ಲಿ ನೆಲೆನಿಂತು, ಬಳಿಕ ಒಂದೇ ವಾಕ್ಯವನ್ನು ಹಿಡಿದು, ಅದು ನನ್ನ ದೇಹದಲ್ಲಿ, ನನ್ನ ಮನೆಯಲ್ಲಿ ಹೇಗೆ ನಿಜವೆಂದು ನಿಧಾನವಾಗಿ ನೋಡುತ್ತೇನೆ.

ಸಾವನ್ನು ನೆನೆದರೆ ಮನಸ್ಸು ಕುಗ್ಗೀತೆಂಬ ನನ್ನ ಭಯಕ್ಕೆ ಈ ಐದು ವಿಷಯಗಳು ಬರುವ ಸುತ್ತದಲ್ಲೇ (ಬುದ್ಧನ ಉಪದೇಶದಲ್ಲೇ) ಉತ್ತರವಿದೆ: ಮುಪ್ಪಿನ ನೆನಪು ಯೌವನದ ಮದವನ್ನು, ರೋಗದ ನೆನಪು ಆರೋಗ್ಯದ ಮದವನ್ನು, ಸಾವಿನ ನೆನಪು ಬದುಕಿನ ಮದವನ್ನು ಇಲ್ಲವಾಗಿಸುತ್ತದೆ, ಇಲ್ಲವೇ ತೆಳುವಾಗಿಸುತ್ತದೆ. ನನಗೆ ನಿಜಕ್ಕೂ ಕಠಿಣವಾದದ್ದು ನಾಲ್ಕನೆಯದು. ಅಗಲಿಕೆ ಎಂದೊಡನೆ ಅಮ್ಮನ ಮುಖ ಕಣ್ಣ ಮುಂದೆ ಬಂದು, ಹಲವು ದಿನ ಅತ್ತುಬಿಟ್ಟೆ. ಅಂಥ ದಿನಗಳಲ್ಲಿ ಉಸಿರಿಗೆ ಮರಳುವುದೇ ಸರಿಯೆಂದು ತಿಳಿಯಿತು. ಆದರೆ ಅಮ್ಮ ನೂರು ಸಲ ಹೇಳಿದ ತವರಿನ ಕಥೆಯನ್ನು ಈಗ ನಡುವೆ ತಡೆಯದೆ ಪೂರ್ತಿ ಕೇಳುತ್ತೇನೆ. ಕರ್ಮದ ಚಿಂತನೆಯನ್ನು ಕೋಪದ ಮಾತು ಹೊರಡುವ ಮುನ್ನ ನೆನೆಯಲು ಇನ್ನೂ ಸಾಧ್ಯವಾಗಿಲ್ಲವಾದ್ದರಿಂದ, ಮುಂದಿನ ತಿಂಗಳು ಅದೊಂದನ್ನೇ ಹಿಡಿಯಲಿದ್ದೇನೆ.