ಡಬಲ್ಸ್‌ನಲ್ಲಿ ಸರ್ವಿಸ್ ಯಾರದ್ದು, ಯಾವ ಕಡೆಯಿಂದ? ದಿನಾ ಇದೇ ಜಗಳ

ಬೆಳಗಿನ ಬ್ಯಾಚ್, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಪಾರ್ಕ್ ಪಕ್ಕ ಒಂದು ಸಿಮೆಂಟ್ ಬ್ಯಾಡ್ಮಿಂಟನ್ ಕೋರ್ಟ್ ಇದೆ. ಬೆಳಿಗ್ಗೆ ಐದೂವರೆಗೆ ಶುರು ಮಾಡುತ್ತೇವೆ. ಏಳೂವರೆ ಆದರೆ ಮುಗೀತು, ನಮ್ಮೂರ ಬಿಸಿಲು ಗೊತ್ತಲ್ಲ. ಕಾಯಂ ಆಡುವವರು ನಾಲ್ಕು ಜನ. ನಾನು, ಪಕ್ಕದ ಮನೆ ಕಾಕಾ ಒಂದು ಕಡೆ. ಬ್ಯಾಂಕ್ ಸರ್ ಮತ್ತು ಇಂಜಿನಿಯರಿಂಗ್ ಓದುವ ಹುಡುಗ ಇನ್ನೊಂದು ಕಡೆ. ಸೋತವರು ಒಗ್ಗರಣೆ-ಮಿರ್ಚಿ ಕೊಡಿಸಬೇಕು. ಹಾಗಾಗಿ ಒಂದೊಂದು ಪಾಯಿಂಟಿಗೂ ಬೆಲೆ ಇದೆ.

ಸಮಸ್ಯೆ ಏನೆಂದರೆ, ನಾಲ್ಕೈದು ಪಾಯಿಂಟ್ ಆಗುವಷ್ಟರಲ್ಲಿ ಸರ್ವಿಸ್ ಯಾರು ಮಾಡಬೇಕು ಅನ್ನೋದು ಗೊಂದಲವಾಗುತ್ತದೆ. ಸರ್ವಿಸ್ ಹಾಕುವವರ ಸ್ಕೋರ್ ಸಮ ಸಂಖ್ಯೆ ಇದ್ದರೆ ಬಲಗಡೆ, ಬೆಸ ಇದ್ದರೆ ಎಡಗಡೆ ಅಂತ ಎಲ್ಲರಿಗೂ ಗೊತ್ತು. ಆದರೂ ದಿನಾ ತಪ್ಪುತ್ತದೆ. ಯಾರಾದರೂ ಬಿಡಿಸಿ ಹೇಳಿ.

ಬ್ಯಾಕ್‌ಹ್ಯಾಂಡ್ ಬರಲ್ಲ, ಕೊಪ್ಪಳ

ಸ್ಕೋರ್ ಸಮ ಇದ್ದರೆ ಬಲ, ಬೆಸ ಇದ್ದರೆ ಎಡ. ಅಷ್ಟೇ ಅಲ್ವಾ? ಇದರಲ್ಲಿ ಗೊಂದಲ ಎಲ್ಲಿದೆ?

ಕೋಟೆ ಬುಡದವನು, ಬಳ್ಳಾರಿ

ಕೊಪ್ಪಳದ ಅಣ್ಣ ಹೇಳಿದ್ದು ಸಿಂಗಲ್ಸ್‌ಗೆ ಸಾಕು. ಡಬಲ್ಸ್‌ಗೆ ಸಾಲದು. ಯಾವ ಕಡೆಯಿಂದ ಅಂತ ಗೊತ್ತಾದರೂ ಆ ಕಡೆ ಯಾರು ನಿಂತಿರಬೇಕು ಅನ್ನೋದು ಗೊತ್ತಾಗಲ್ಲ.

ರಾಯಚೂರಿನವರೇ, ನಾಳೆ ಒಂದು ಗೇಮನ್ನು ಮೊದಲ ಸರ್ವಿಸ್‌ನಿಂದ ಜಗಳ ಶುರುವಾಗುವ ತನಕ ಬರೆದುಕೊಂಡು ಇಲ್ಲಿ ಹಾಕಿ. ಯಾರು ಎಲ್ಲಿ ನಿಂತಿದ್ದರು ಅಂತಲೂ ಬರೆಯಿರಿ. ಸುಮ್ನೆ ನಿಯಮ ಹೇಳುತ್ತಾ ಹೋದರೆ ತಪ್ಪು ಸಿಗಲ್ಲ.

ಬೆಳಗಿನ ಬ್ಯಾಚ್, ರಾಯಚೂರು

ಬರೆದುಕೊಂಡೆ ಸರ್. ಪ್ರತಿ ಸಲ ನಮ್ಮ ಸ್ಕೋರ್ ಮೊದಲು ಹಾಕಿದ್ದೇನೆ.

0-0. ನಾನು ಬಲಗಡೆಯಿಂದ ಬ್ಯಾಂಕ್ ಸರ್‌ಗೆ ಸರ್ವಿಸ್ ಹಾಕಿದೆ. ಪಾಯಿಂಟ್ ನಮಗೆ.
1-0. ನಾನು ಎಡಕ್ಕೆ ಬಂದೆ, ಕಾಕಾ ಬಲಕ್ಕೆ ಹೋದರು. ಹುಡುಗನಿಗೆ ಹಾಕಿದೆ. ನೆಟ್‌ಗೆ ಹೊಡೆದು ಪಾಯಿಂಟ್ ಕಳೆದೆ.
1-1. ಹುಡುಗ ಅವನ ಎಡಗಡೆಯಿಂದ ನನಗೆ ಹಾಕಿದ. ಪಾಯಿಂಟ್ ಅವರಿಗೆ.
1-2. ಹುಡುಗ ಬಲಕ್ಕೆ ಬಂದು ಕಾಕಾಗೆ ಹಾಕಿದ. ಕಾಕಾ ನೆಟ್ ಪಕ್ಕ ಮೆತ್ತಗೆ ಇಳಿಸಿದರು, ಯಾರೂ ಮುಟ್ಟಲಿಲ್ಲ.
2-2. ಜಗಳ ಇಲ್ಲಿಂದ.

ಕಾಕಾ ಹೇಳೋದು, "ಶುರು ಮಾಡಿದವ ನೀನು. ಸ್ಕೋರ್ ಸಮ ಅದ. ನೀ ಬಲಕ್ಕ ಬಾ, ನೀನ ಹಾಕು." ಹುಡುಗ ಹೇಳೋದು, "ಇಲ್ಲ ಕಾಕಾ, ನೀವೇ ಹಾಕಬೇಕು." ಬ್ಯಾಂಕ್ ಸರ್ ಮೂರನೆಯ ತಕರಾರು ತೆಗೆದರು. ಹುಡುಗನ ಸರ್ವಿಸ್ ಹೋದರೆ ಮುಂದೆ ತನ್ನ ಸರ್ವಿಸ್ ಬರಬೇಕು, ಇಬ್ಬರದೂ ಹೋದ ಮೇಲೆ ತಾನೆ ಎದುರಿನವರಿಗೆ ಅಂತ. ಹತ್ತು ನಿಮಿಷ ಹೋಯಿತು. ಪಾರ್ಕ್‌ನಲ್ಲಿ ವಾಕಿಂಗ್ ಮಾಡುವವರು ನಿಂತು ನೋಡುತ್ತಿದ್ದರು.

ಕೋಟೆ ಬುಡದವನು, ಬಳ್ಳಾರಿ

ಸಿಕ್ಕಿತು ನೋಡಿ. ಹುಡುಗ ಹೇಳಿದ್ದು ಸರಿ. ಆದರೆ ಕಾಕಾ, ಬ್ಯಾಂಕ್ ಸರ್ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಹೇಳುತ್ತಿರೋದು ಹಳೆಯ ಆಟದ ನಿಯಮ.

ಮೊದಲು 15 ಪಾಯಿಂಟ್‌ನ ಗೇಮ್ ಇತ್ತು. ಸರ್ವಿಸ್ ಮಾಡಿದ ಕಡೆಯವರಿಗೆ ಮಾತ್ರ ಪಾಯಿಂಟ್. ಡಬಲ್ಸ್‌ನಲ್ಲಿ ಇಬ್ಬರಿಗೂ ಒಂದೊಂದು ಸರದಿ ಇತ್ತು. ಬ್ಯಾಂಕ್ ಸರ್ ನೆನಪಿಸಿಕೊಂಡದ್ದು ಅದನ್ನೇ. ಆಗ ಪಾಯಿಂಟ್ ಬಂದಾಗಲೆಲ್ಲ ಜಾಗ ಬದಲಾಗುತ್ತಿತ್ತು. ಹಾಗಾಗಿ ನಿಮ್ಮ ಸ್ಕೋರ್ ಸಮ ಇದ್ದರೆ ಗೇಮನ್ನು ಬಲಗಡೆ ಶುರು ಮಾಡಿದವರು ಬಲಗಡೆಯೇ ಇರುತ್ತಿದ್ದರು. ಕಾಕಾನ ಲೆಕ್ಕ ಆಗ ಪಕ್ಕಾ. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದದ್ದೂ ಆ 15ರ ಆಟದಲ್ಲೇ ಅಂತ ಕಾಕಾಗೆ ಹೇಳಿ, ಖುಷಿಪಡುತ್ತಾರೆ.

2006ರಲ್ಲಿ 21 ಪಾಯಿಂಟ್‌ನ ಪದ್ಧತಿ ಬಂತು. ಈಗ ಸರ್ವಿಸ್ ಯಾರದ್ದೇ ಇರಲಿ, ರ‍್ಯಾಲಿ (ಸರ್ವಿಸ್‌ನಿಂದ ಶಟಲ್ ಬೀಳುವ ತನಕದ ಆಟ) ಗೆದ್ದವರಿಗೆ ಪಾಯಿಂಟ್. ಎರಡನೇ ಸರದಿ ಅನ್ನೋದೇ ಇಲ್ಲ. ಮುಖ್ಯ ವಿಷಯ ಇಲ್ಲಿದೆ: ನಿಮ್ಮದೇ ಸರ್ವಿಸ್‌ನಲ್ಲಿ ಪಾಯಿಂಟ್ ಗೆದ್ದರೆ ಮಾತ್ರ ನೀವಿಬ್ಬರು ಜಾಗ ಬದಲಿಸಬೇಕು. ಎದುರಿನವರ ಸರ್ವಿಸ್ ಮುರಿದು ಪಾಯಿಂಟ್ ತಗೊಂಡರೆ ಯಾರೂ ಅಲ್ಲಾಡಬಾರದು. ಸ್ಕೋರ್ ಮಾತ್ರ ಒಂದು ಏರುತ್ತದೆ. ಕಾಕಾನ ಸೂತ್ರ ಕೈಕೊಡೋದು ಅಲ್ಲೇ.

ನಿಮ್ಮ 2-2 ನೋಡಿ. ಮೊದಲ ಪಾಯಿಂಟ್ ನಿಮ್ಮ ಸರ್ವಿಸ್‌ನಲ್ಲಿ ಬಂತು, ಜಾಗ ಬದಲಿಸಿದಿರಿ. ಎರಡನೆಯದು ಹುಡುಗನ ಸರ್ವಿಸ್‌ನಲ್ಲಿ ಬಂತು, ಬದಲಿಸಬಾರದು. ಅಂದರೆ ನೀವು ಇನ್ನೂ ಎಡಗಡೆ, ಕಾಕಾ ಬಲಗಡೆ. ಸ್ಕೋರ್ ಎರಡು, ಬಲಗಡೆಯವರೇ ಹಾಕಬೇಕು. ಅಂದರೆ ಕಾಕಾ, ಹುಡುಗನಿಗೆ. ಕಾಕಾ ಆ ಪಾಯಿಂಟ್ ಸೋತರೆ 2-3, ಬೆಸ. ಅವರ ಎಡಗಡೆ ಇರುವ ಬ್ಯಾಂಕ್ ಸರ್ ಹಾಕುತ್ತಾರೆ. ಅದೂ ಹೋದರೆ ಮತ್ತೆ ನೀವು. ಸರ್ವಿಸ್ ಕೈ ಬದಲಾದಾಗ ಸರದಿ ಯಾವಾಗಲೂ ನೀವು, ಹುಡುಗ, ಕಾಕಾ, ಬ್ಯಾಂಕ್ ಸರ್, ಮತ್ತೆ ನೀವು ಅಂತಲೇ ಸುತ್ತುತ್ತದೆ. ಸುತ್ತು ಹೀಗೆ ಬರದಿದ್ದರೆ ಎಲ್ಲೋ ಜಾಗ ತಪ್ಪಿದೆ ಅಂತ ತಿಳಿಯಿರಿ.

ಗಂಗಾವತಿ ಸ್ಮ್ಯಾಶ್

ಮಧ್ಯದಲ್ಲಿ ತಪ್ಪು ಗೊತ್ತಾದರೆ ಪಾಯಿಂಟ್ ವಾಪಸ್ ತೆಗೆಯಬೇಡಿ. ಜಾಗ ಸರಿಮಾಡಿಕೊಳ್ಳಿ, ಇದ್ದ ಸ್ಕೋರ್ ಹಾಗೇ ಉಳಿಯುತ್ತದೆ. ನಿಯಮವೇ ಹಾಗಿದೆ. ನಮ್ಮ ಕಡೆ ಅರ್ಧ ಜಗಳ ಇಷ್ಟು ಗೊತ್ತಾದ ಮೇಲೆ ನಿಂತಿತು.

ಬೆಳಗಿನ ಬ್ಯಾಚ್, ರಾಯಚೂರು

ಕಾಕಾಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಂದ್ರ ನಾ ಹೇಳಿದ್ದು ತಪ್ಪಲ್ಲ, ಹಳೇದು" ಅಂದರು. ಅವರು ಬಾಲ್ ಬ್ಯಾಡ್ಮಿಂಟನ್‌ನಿಂದ ಬಂದವರು. ಉಣ್ಣೆಯ ಚೆಂಡು, ಒಂದು ಕಡೆ ಐದು ಜನ ಆಡುವ ಆಟ. ಶಟಲ್ ಕೈಗೆ ಬಂದದ್ದು ಆಮೇಲೆ.

ಇನ್ನೆರಡು ಪ್ರಶ್ನೆ ಇವೆ. ಒಂದು, ಹುಡುಗ ಎದೆ ಮಟ್ಟದಿಂದ ಸರ್ವಿಸ್ ಹಾಕುತ್ತಾನೆ ಅಂತ ನಮಗೆ ಅನುಮಾನ. ಅವನು ಆರಡಿ ಇದ್ದಾನೆ. ಇನ್ನೊಂದು, ಈ ತಿಂಗಳು ಎತ್ತಿ ಹಾಕಿದ ಸರ್ವಿಸ್ ಎಲ್ಲಾ ಹಿಂದೆ ಔಟ್ ಆಗುತ್ತಿವೆ. ಚಳಿಗಾಲದಲ್ಲಿ ಹೀಗಿರಲಿಲ್ಲ. ಗರಿಯ ಶಟಲ್, ಡಬ್ಬದ ಮೇಲೆ 78 ಅಂತ ಇದೆ.

ಕೋಟೆ ಬುಡದವನು, ಬಳ್ಳಾರಿ

ಸರ್ವಿಸ್ ಎತ್ತರ: ಈಗ ದೊಡ್ಡ ಟೂರ್ನಿಗಳಲ್ಲಿ ಹೊಡೆಯುವ ಕ್ಷಣಕ್ಕೆ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ಎತ್ತರದವರಿಗೂ ಕುಳ್ಳರಿಗೂ ಒಂದೇ ಲೆಕ್ಕ. ಅಳೆಯುವ ಸಾಧನ ಇಲ್ಲದ ಕಡೆ ಹಳೆಯ ಸೊಂಟದ ನಿಯಮವೂ ನಡೆಯುತ್ತದೆ. ಅದರಲ್ಲಿ ಶಟಲ್ ಕೊನೆಯ ಪಕ್ಕೆಲುಬಿಗಿಂತ ಕೆಳಗಿರಬೇಕು, ರಾಕೆಟ್ ಕೆಳಮುಖ ಇರಬೇಕು. ನಾನಾದರೆ 1.15 ಇಟ್ಟುಕೊಳ್ಳುತ್ತೇನೆ, ಪಕ್ಕೆಲುಬು ಹುಡುಕೋದು ಯಾರಿಗೆ ಬೇಕು? ನೆಟ್ ಕಂಬ 1.55 ಮೀಟರ್. ಮೇಲಿಂದ 40 ಸೆಂಟಿಮೀಟರ್ ಕೆಳಗೆ ಬಣ್ಣದ ಟೇಪ್ ಸುತ್ತಿ. ಒಬ್ಬರು ಪಕ್ಕದಲ್ಲಿ ಬಗ್ಗಿ ಅದೇ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತದೆ.

ಶಟಲ್: ತಪ್ಪು ನಿಮ್ಮ ಕೈಯದಲ್ಲ, ಬಿಸಿಲಿನದು. ಬಿಸಿ ಗಾಳಿ ತೆಳು. ಶಟಲ್‌ಗೆ ತಡೆ ಕಡಿಮೆ, ಜಾಸ್ತಿ ದೂರ ಹೋಗುತ್ತದೆ. ಡಬ್ಬದ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ವೇಗ ಜಾಸ್ತಿ. ನಮ್ಮ ಕಡೆಯ ಬೇಸಿಗೆಗೆ 78 ಆಗಲ್ಲ, 76 ತನ್ನಿ. ಪರೀಕ್ಷೆ ಸುಲಭ. ಹಿಂದಿನ ಗೆರೆಯ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬೀಸಿ ಮೇಲಕ್ಕೆ ಹೊಡೆಯಿರಿ. ಆ ಕಡೆಯ ಹಿಂದಿನ ಗೆರೆಗೆ 53ರಿಂದ 99 ಸೆಂಟಿಮೀಟರ್ ಮುಂಚೆ ಬಿದ್ದರೆ ವೇಗ ಸರಿ. ಗಾಳಿ ಇಲ್ಲದಾಗ ಮಾಡಿ.

ಅಂದಹಾಗೆ, ಔಟ್ ಅಂತ ಯಾವ ಗೆರೆ ನೋಡಿ ಹೇಳುತ್ತೀರಿ? ಡಬಲ್ಸ್ ಸರ್ವಿಸ್‌ಗೆ ಕೊನೆಯ ಗೆರೆ ಲೆಕ್ಕವಿಲ್ಲ. ಅದಕ್ಕಿಂತ 76 ಸೆಂಟಿಮೀಟರ್ ಒಳಗೆ ಇನ್ನೊಂದು ಗೆರೆ ಇರುತ್ತದೆ, ಅದನ್ನು ದಾಟಿದರೆ ಔಟ್. ಸರ್ವಿಸ್ ಮುಗಿದ ಮೇಲೆ ಪೂರ್ತಿ ಕೋರ್ಟ್.

ಬೆಳಗಿನ ಬ್ಯಾಚ್, ರಾಯಚೂರು

ಸರ್, ನಮ್ಮ ಕೋರ್ಟ್‌ನಲ್ಲಿ ಆ ಗೆರೆಯೇ ಇಲ್ಲ! ಕಾಂಟ್ರಾಕ್ಟರ್ ಬಣ್ಣ ಬಳಿಯುವಾಗ ಬಿಟ್ಟಿದ್ದಾನೆ. ನಾವು ಎರಡು ವರ್ಷದಿಂದ ಹಾಗೇ ಆಡುತ್ತಿದ್ದೇವೆ.

ಬ್ಯಾಕ್‌ಹ್ಯಾಂಡ್ ಬರಲ್ಲ, ಕೊಪ್ಪಳ

ಎರಡು ವರ್ಷದ ಒಗ್ಗರಣೆ-ಮಿರ್ಚಿ ಲೆಕ್ಕ ಮತ್ತೆ ತೆಗೀಬೇಕು ಹಾಗಾದರೆ 😄

ಬೆಳಗಿನ ಬ್ಯಾಚ್, ರಾಯಚೂರು

ಭಾನುವಾರ ಟೇಪ್ ಹಿಡಿದು ಅಳೆದೆವು. ಬ್ಯಾಂಕ್ ಸರ್ ದಾರ ಎಳೆದು ಹಿಡಿದರು, ಹುಡುಗ ಬಿಳಿ ಬಣ್ಣ ಹಚ್ಚಿದ. ಗೆರೆ 4 ಸೆಂಟಿಮೀಟರ್ ಅಗಲ ಇರಬೇಕಂತೆ, ಒಂದು ಕಡೆ ಐದಾಗಿದೆ. ಕಂಬಕ್ಕೆ ಕೆಂಪು ಟೇಪ್ ಸುತ್ತಿದ್ದೇವೆ. ಹುಡುಗನ ಸರ್ವಿಸ್ ಮೂರರಲ್ಲಿ ಎರಡು ಫಾಲ್ಟ್ ಬರುತ್ತಿದೆ, ಈಗ ಮಂಡಿ ಬಗ್ಗಿಸಿ ಹಾಕುವ ಅಭ್ಯಾಸ ನಡೆದಿದೆ. 76ರ ಡಬ್ಬ ಇಲ್ಲಿ ಸಿಗಲಿಲ್ಲ, ಅಂಗಡಿಯವರು ತರಿಸಿಕೊಡುತ್ತೇನೆ ಅಂದಿದ್ದಾರೆ. ಸರ್ವಿಸ್ ಸರದಿಯ ಜಗಳ ನಿಂತಿದೆ.

ಇವತ್ತು ಹೊಸದು ಶುರುವಾಯಿತು. ನನ್ನ ಸರ್ವಿಸ್ ನೆಟ್ ಪಟ್ಟಿಗೆ ತಾಗಿ ಒಳಗೆ ಬಿತ್ತು. ಕಾಕಾ ಸಹ ಸೇರಿ ಮೂವರೂ ಮತ್ತೆ ಹಾಕು ಅಂತಾರೆ.

ಗಂಗಾವತಿ ಸ್ಮ್ಯಾಶ್

ಮತ್ತೆ ಹಾಕೋದು ಟೆನಿಸ್‌ನಲ್ಲಿ. ಇಲ್ಲಿ ಆಟ ನಡೆಯುತ್ತಿರುತ್ತದೆ. ಅವರು ಎತ್ತದೆ ಬಿಟ್ಟಿದ್ದರೆ ಪಾಯಿಂಟ್ ನಿಮ್ಮದು.