ಕೆಮ್ಮು ವಾಸಿಯಾಗದ ಕರುವಿಗೆ ಈಗ ಕಿವಿಯೂ ಜೋತುಬಿದ್ದಿದೆ

ಪ್ರಶ್ನೆ:
ವೀಲ್, ಅಂದರೆ ಎಳೆಗರುವಿನ ಮಾಂಸಕ್ಕೆ ಅಂತ ಸಾಕುತ್ತಿರುವ 14 ಗಂಡುಗರುಗಳಿವೆ. ಬೇರೆ ಬೇರೆ ಡೇರಿಗಳಿಂದ ತಂದವು, ಬಂದು ಎರಡು ವಾರ ಆಯ್ತು. ಐದು ಕೆಮ್ಮುತ್ತಿದ್ದವು. ಡಾಕ್ಟರು ಪೆನಿಸಿಲಿನ್ ಕೊಟ್ಟರು, ನಾಲ್ಕು ಸುಧಾರಿಸಿದವು. ಒಂದು ಮಾತ್ರ ಹಾಲು ಅರ್ಧಕ್ಕೇ ಬಿಡುತ್ತಿದೆ. ಜ್ವರ 104 ಡಿಗ್ರಿ. ಇವತ್ತು ಬೆಳಿಗ್ಗೆ ಎಡಗಿವಿ ಜೋತುಬಿದ್ದಿತ್ತು, ತಲೆಯನ್ನೂ ಅದೇ ಕಡೆ ವಾಲಿಸಿಕೊಂಡು ನಿಂತಿದೆ. ಏಟು ಬಿದ್ದಿರಬಹುದಾ? ಅದೇ ಇಂಜೆಕ್ಷನ್ ಇನ್ನೆರಡು ದಿನ ಕೊಡಿಸಲಾ?

ಉತ್ತರ:
ಏಟಲ್ಲ ಅನ್ನಿಸುತ್ತದೆ. ಕೆಮ್ಮಿನ ಜೊತೆ ಕಿವಿ ಜೋತರೆ ನನಗೆ ಮೊದಲು ಅನುಮಾನ ಬರುವುದು ಮೈಕೋಪ್ಲಾಸ್ಮಾ ಬೋವಿಸ್ ಅನ್ನುವ ಬ್ಯಾಕ್ಟೀರಿಯಾದ ಮೇಲೆ. ಶ್ವಾಸಕೋಶಕ್ಕೆ ಇಳಿಯುವ ಹಾಗೆಯೇ ಗಂಟಲಿನಿಂದ ಕಿವಿಯೊಳಕ್ಕೂ ಹತ್ತುತ್ತದೆ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಗೋಡೆ ಕೆಡಿಸಿ. ಇದಕ್ಕೆ ಆ ಗೋಡೆಯೇ ಇಲ್ಲ! ಎಷ್ಟು ದಿನ ಕೊಟ್ಟರೂ ತಾಗುವುದಿಲ್ಲ. ಉಳಿದ ನಾಲ್ಕಕ್ಕೆ ಪಾಶ್ಚುರೆಲ್ಲಾ ಥರದ, ಗೋಡೆ ಇರುವ ಬ್ಯಾಕ್ಟೀರಿಯಾ ಬಂದಿರಬಹುದು.

ಹೋದ ಚಳಿಗಾಲದಲ್ಲಿ ನಾನು ಸುಮ್ನೆ ಮೂರು ದಿನ ಕಾದುಬಿಟ್ಟೆ. ಕಿವಿಯ ಪಕ್ಕದ ನರಕ್ಕೂ ತಗುಲಿ, ಆ ಕರುವಿಗೆ ರೆಪ್ಪೆ ಮುಚ್ಚಲು ಆಗಲಿಲ್ಲ, ಕಣ್ಣು ಒಣಗಿತು. ಇವತ್ತೇ ಡಾಕ್ಟರಿಗೆ ಕಿವಿಯ ವಿಷಯ ಹೇಳಿ. ಮೂಗಿನ ಆಳದಿಂದ ಸ್ವಾಬ್ ತೆಗೆಸಿ. ನೀವಾಗಿ ಔಷಧಿ ಬದಲಿಸಬೇಡಿ. ಮಾಂಸಕ್ಕೆ ಹೋಗುವ ಕರು ಅಲ್ವಾ, ಕೊನೆಯ ಇಂಜೆಕ್ಷನ್ ಆದ ಮೇಲೆ ಮಾಂಸಕ್ಕೆ ಕಳಿಸಲು ಎಷ್ಟು ದಿನ ಕಾಯಬೇಕು ಅನ್ನುವುದು ಒಂದೊಂದು ಔಷಧಿಗೆ ಒಂದೊಂದು ಥರ.

ಇನ್ನೊಬ್ಬರ ಉತ್ತರ:
ಮೇಲಿನವರ ಮಾತು ಸರಿ. ಜೊತೆಗೆ ಒಂದು ಕೆಲಸ ಮಾಡಿ. ಕರು ಮಲಗುವ ಜಾಗದಲ್ಲಿ ಮಂಡಿಯೂರಿ ಕೂತು ಉಸಿರೆಳೆದು ನೋಡಿ. ನಿಂತಾಗ ಗೊತ್ತಾಗದ ಗಂಜಲದ ಅಮೋನಿಯಾ ಅಲ್ಲಿ ಕಣ್ಣಿಗೆ ಚುಚ್ಚುತ್ತದೆ. ಕರು ಇಡೀ ದಿನ ಎಳೆದುಕೊಳ್ಳುವುದು ಆ ಗಾಳಿಯನ್ನೇ. ಚಳಿ ಅಂತ ಕಿಟಕಿಗಳನ್ನೆಲ್ಲ ಮುಚ್ಚಬೇಡಿ. ಮಲಗಿದರೆ ಕಾಲು ಮುಚ್ಚುವಷ್ಟು ದಪ್ಪಗೆ ಒಣಹುಲ್ಲು ಹಾಸಿ, ಬೆಚ್ಚಗಿರುತ್ತವೆ. ಮುಂದಿನ ಸಲ ತರುವಾಗ ಹುಟ್ಟಿದ ಕೆಲವೇ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿದ್ದಾರಾ ಕೇಳಿ. ಅದು ಸಿಗದ ಕರುಗಳೇ ಜಾಸ್ತಿ ಕಾಯಿಲೆ ಬೀಳುವುದು.

ಪ್ರಶ್ನೆ ಕೇಳಿದವರು:
ಮಂಡಿಯೂರಿ ಕೂತೆ. ಕಣ್ಣಲ್ಲಿ ನೀರು ಬಂತು. ಪಾಪ, ಎರಡು ವಾರ ಅದನ್ನೇ ಉಸಿರಾಡಿವೆ. ಒದ್ದೆ ಹಾಸನ್ನೆಲ್ಲ ಎತ್ತಿ ಹಾಕಿದೆ. ಆ ಕರುವನ್ನು ಬೇರೆ ಕಟ್ಟಿದ್ದೇನೆ, ಹಾಲಿನ ಬಕೆಟ್ಟೂ ಬೇರೆ. ಡಾಕ್ಟರು ಸಂಜೆ ಸ್ವಾಬ್ ತೆಗೆಯಲು ಬರುತ್ತಾರೆ. ಬಲಗಿವಿ ಇನ್ನೂ ನೆಟ್ಟಗಿದೆ.